ಅಕ್ಷತೆ ಬೀಳುವ ಹೊತ್ತಿನ ಬಿಟ್‌ರೇಟ್

ಹಾರ್ಲಿಕ್ಸ್ ಬಾಟಲಿಯಲ್ಲಿ ಹಾರ್ಲಿಕ್ಸೇ ಇರಬೇಕೆಂಬ ನಿಯಮ ನಮ್ಮ ಕಡೆಯ ಯಾವ ಅಡುಗೆಮನೆಯಲ್ಲೂ ಇಲ್ಲ, ಮೆಂತ್ಯವಿರಬಹುದು, ಹುಣಸೆಹಣ್ಣಿರಬಹುದು. ವಿಡಿಯೊ ಫೈಲಿನದೂ ಇದೇ ಕಥೆ. ಎವಿಐ, ಎಂಕೆವಿ, ಎಂಪಿ4 ಎಲ್ಲವೂ ಬಾಟಲಿಗಳು. ಒಳಗೆ ತುಂಬಿರುವ ಕೋಡೆಕ್ ಬೇರೆ. ಇದು ಗೊತ್ತಿಲ್ಲದವರು ಫೈಲಿನ ಬಾಲದ ಮೂರಕ್ಷರ ತಿದ್ದಿ, ಕನ್ವರ್ಟ್ ಮಾಡಿದೆ ಎಂದು ಬೀಗುತ್ತಾರೆ. ಗೊತ್ತಾದವರಿಗೆ ಸಿಗುವ ಮೊದಲ ಸುಖ, ಏನನ್ನೂ ಮುಟ್ಟದೆ ಇರುವುದು. ಎಫ್‌ಎಫ್‌ಎಂಪೆಗ್‌ಗೆ ‘ಕಾಪಿ’ ಎಂದರೆ ಸಾಕು, ಒಳಗಿನ ಚಿತ್ರದ ಒಂದು ಬಿಟ್ಟನ್ನೂ ಕೆಡಿಸದೆ ಬಾಟಲಿ ಮಾತ್ರ ಬದಲಿಸಿ ಕೊಡುತ್ತದೆ. 2000ದಲ್ಲಿ ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ ಶುರುಮಾಡಿದ ಈ ತಂತ್ರಾಂಶಕ್ಕೆ ಒತ್ತಲು ಗುಂಡಿಗಳಿಲ್ಲ, ಅಂದಚಂದವಿಲ್ಲ. ಕಪ್ಪು ಪರದೆಯ ಮೇಲೆ ಅಂಕಿಗಳು ಓಡುತ್ತವೆ, ಅಷ್ಟೇ. ಅವನ್ನು ನೋಡುತ್ತ ಕೂರುವ ನನ್ನನ್ನು ಮನೆಯವರು ಏನೂ ಕೇಳುವುದಿಲ್ಲ, ಕೇಳಿ ಸುಸ್ತಾಗಿದ್ದಾರೆ.

ನನ್ನ ಕೈಗೆ ಹೆಚ್ಚಾಗಿ ಬರುವುದು ತೊಂಬತ್ತರ ದಶಕದ ಮದುವೆ ಕ್ಯಾಸೆಟ್ಟುಗಳು. ಮಲೆನಾಡಿನವಾದರೆ ಟೇಪಿಗೆ ಬೂಷ್ಟು ಹಿಡಿದಿದೆಯೇ ಎಂದು ಮೊದಲು ನೋಡಬೇಕು. ಹಿಡಿದಿದ್ದರೆ ವಿಸಿಆರ್‌ನ ಹೆಡ್ಡೂ ಕೆಟ್ಟೀತು. ಕಂಪ್ಯೂಟರಿಗೆ ಇಳಿಸುವುದು ಡಿವಿ ರೂಪದಲ್ಲಿ. ಗಂಟೆಗೆ ಸುಮಾರು 13 ಜಿಬಿ ನುಂಗುತ್ತದೆ, ನುಂಗಲಿ. ಅದರಲ್ಲಿ ಪ್ರತಿ ಫ್ರೇಮೂ ಸ್ವತಂತ್ರ, ಎಲ್ಲಿ ಬೇಕಾದರೂ ಕತ್ತರಿಸಬಹುದು. ಡಿವಿಡಿಯ ಎಂಪೆಗ್-2 ಹಾಗಲ್ಲ. ಹನ್ನೆರಡೋ ಹದಿನೈದೋ ಫ್ರೇಮುಗಳ ಗುಂಪಿನಲ್ಲಿ ಪೂರ್ತಿ ಚಿತ್ರ ಒಂದೇ; ಮಿಕ್ಕವು ಅಕ್ಕಪಕ್ಕದವುಗಳಿಗಿಂತ ಏನು ಬದಲಾಯಿತೆಂಬ ಲೆಕ್ಕ.

ನಿಜವಾದ ಆಟ ಡಿಸ್ಕಿಗೆ ಇಳಿಸುವಾಗಿನದು. 4.7 ಜಿಬಿಯಲ್ಲಿ ಮೂರು ಗಂಟೆಯ ಮದುವೆ ಹಿಡಿಸಬೇಕು. ಭಾಗಿಸಿದರೆ ಸೆಕೆಂಡಿಗೆ 3.5 ಮೆಗಾಬಿಟ್ಟೂ ದಕ್ಕುವುದಿಲ್ಲ, ವಾಲಗದ ಪಾಲೂ ಅದರಲ್ಲೇ. ಚಿತ್ರಕ್ಕೆ 9.8ರವರೆಗೆ ಕೊಡಲು ಡಿವಿಡಿಯಲ್ಲಿ ಅವಕಾಶವೇನೋ ಇದೆ, ಜಾಗವೆಲ್ಲಿದೆ? ಅದಕ್ಕೇ ಎರಡು ಸುತ್ತಿನ ಎನ್‌ಕೋಡಿಂಗ್. ಮೊದಲ ಸುತ್ತಿನಲ್ಲಿ ತಂತ್ರಾಂಶ ಇಡೀ ಮದುವೆ ನೋಡಿ ಎಲ್ಲೆಲ್ಲಿ ಎಷ್ಟು ಕದಲಾಟವೆಂದು ಬರೆದಿಟ್ಟುಕೊಳ್ಳುತ್ತದೆ, ಎರಡನೆಯದರಲ್ಲಿ ಹಂಚುತ್ತದೆ. ಬೀಗರು ಸಾಲಾಗಿ ಕುರ್ಚಿಯಲ್ಲಿ ಬಿಗುವಾಗಿ ಕೂತ ದೃಶ್ಯಕ್ಕೆ ಪುಡಿಗಾಸು ಸಾಕು. ಗಟ್ಟಿಮೇಳ ಮೊಳಗಿ ಅಕ್ಷತೆ ಹಾರಿತೋ, ಕೆಲಸ ಕೆಟ್ಟಿತು! ಒಂದೊಂದು ಕಾಳೂ ತನ್ನದೇ ದಾರಿ ಹಿಡಿಯುತ್ತದೆ, ಹಿಂದಿನ ಫ್ರೇಮು ನೋಡಿ ಊಹಿಸುವಂತಿಲ್ಲ. ಬಿಟ್ಟು ಸಾಲದಿದ್ದರೆ ತಾಳಿ ಕಟ್ಟುವ ಗಳಿಗೆಯಲ್ಲೇ ಮದುಮಗಳ ಮುಖ ಚೌಕಚೌಕವಾಗಿ ಒಡೆಯುತ್ತದೆ. ಹೋಮದ ಹೊಗೆ ಇನ್ನೊಬ್ಬ ವೈರಿ. ಎನ್‌ಕೋಡರ್ ಬರೆದ ಮಹನೀಯರು ನಮ್ಮ ಮುಹೂರ್ತ ನೋಡಿರಲಿಕ್ಕಿಲ್ಲ ಎಂದು ನನ್ನ ಗುಮಾನಿ. ಊಟದ ಪಂಕ್ತಿಯ ಅರ್ಧ ಗಂಟೆಗೆ ಕತ್ತರಿ ಹಾಕಿ ಉಳಿಸಿದ್ದನ್ನೆಲ್ಲ ಧಾರೆಗೆ ಕೊಡುತ್ತೇನೆ. ಟೇಪಿನ ಚುಕ್ಕಿಗಳನ್ನು ಪೂರಾ ಒರೆಸಿ ಬಿಟ್ಟು ಉಳಿಸುವವರೂ ಇದ್ದಾರೆ. ನನಗದು ಆಗದು, ಸೋದರತ್ತೆಯರೆಲ್ಲ ಮೇಣದ ಬೊಂಬೆಗಳಾಗುತ್ತಾರೆ.

ಇನ್ನು ಫೀಲ್ಡ್ ಆರ್ಡರ್. ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮು, ಒಂದೊಂದರಲ್ಲೂ ಸರಿಗೆರೆ ಬೆಸಗೆರೆಗಳ ಎರಡು ಅರ್ಧಗಳು. ಡಿವಿಯಲ್ಲಿ ಕೆಳಗಿನ ಗೆರೆಗಳ ಅರ್ಧ ಮೊದಲು. ಡಿವಿಡಿಗಳಲ್ಲಿ ಸಾಮಾನ್ಯವಾಗಿ ಮೇಲಿನದು. ಎನ್‌ಕೋಡರಿಗೆ ಇದನ್ನು ತಿರುವುಮುರುವು ಹೇಳಿದರೆ ಟಿವಿಯಲ್ಲಿ ಆರತಿ ತಟ್ಟೆ ಮುಂದೆ ಹೋಗಿ ಹಿಂದೆ ಬಂದು ಗಡಗಡ ನಡುಗುತ್ತದೆ. ಕಂಪ್ಯೂಟರಿನಲ್ಲಿ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಇದೊಂದು ಪರೀಕ್ಷೆಗಾಗಿಯೇ ಪಿಕ್ಚರ್ ಟ್ಯೂಬಿನ ಹಳೇ ಟಿವಿಯನ್ನು ಗುಜರಿಗೆ ಹಾಕದೆ ಉಳಿಸಿಕೊಂಡಿದ್ದೇನೆ.

ಡಿಸ್ಕು ಕೇಳುವವರು ಹಿರಿಯರು ಮಾತ್ರ. ಮಕ್ಕಳಿಗೆ ಮೊಬೈಲಿಗೆ ಬೇಕು. ಅವರಿಗೆ ಡಿವಿಯಿಂದಲೇ, ಒಂದೊಂದು ಅರ್ಧವನ್ನೂ ಪೂರ್ತಿ ಫ್ರೇಮಾಗಿಸಿ, ಸೆಕೆಂಡಿಗೆ 50 ಫ್ರೇಮಿನ ಎಂಪಿ4 ಬೇರೆ ಮಾಡುತ್ತೇನೆ. ಒಮ್ಮೆ ಹಿಂಡಿದ ಡಿವಿಡಿಯನ್ನು ಮತ್ತೆ ಹಿಂಡುವುದಿಲ್ಲ. ಮೆಸೇಜ್ ಆಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ತಾನೇ ಇನ್ನೊಂದು ಸುತ್ತು ಹಿಂಡುತ್ತದೆ. ಹಾಗಾಗಿ ಡಾಕ್ಯುಮೆಂಟ್ ಎಂದು ಕಳಿಸುತ್ತೇನೆ. "ಮಾವ, ಓಪನ್ ಆಗೋಕೆ ಎಷ್ಟು ಹೊತ್ತು!" ಎಂಬ ಉತ್ತರ ಬರುತ್ತದೆ, ಅಕ್ಷತೆ ಹೇಗೆ ಬಂದಿದೆ ಎಂದು ಯಾರೂ ಹೇಳುವುದಿಲ್ಲ.