ಚವರಿ: ಎರವಲು ಕೂದಲಿನ ಪ್ರಶ್ನೆ

ಹೆಂಗಸರು ತಮ್ಮ ಜಡೆಗೆ ಸೇರಿಸಿ ಹೆಣೆದುಕೊಳ್ಳುವ ಹೊರಗಿನ ಕೂದಲಿಗೆ ಕನ್ನಡದಲ್ಲಿ ಚವರಿ ಎಂಬ ಹೆಸರಿದೆ. ಚೌರಿ, ಚೌಲಿ ಎಂದು ಊರಿಗೊಂದು ಉಚ್ಚಾರ. ಮೂಲದಲ್ಲಿ ಇದು ಚಮರೀಮೃಗದ ಬಾಲದ ಕೂದಲು. ಅದೇ ಮೂಲದಿಂದ ಬಂದ ಚಾಮರವು ಸಮವಸರಣದಲ್ಲಿ ಜಿನನ ಇಕ್ಕೆಲಗಳಲ್ಲಿ ಅರುವತ್ತನಾಲ್ಕಾಗಿ ಬೀಸುತ್ತದೆ. ಅಷ್ಟಮಹಾಪ್ರಾತಿಹಾರ್ಯಗಳಲ್ಲಿ ಅದೂ ಒಂದು. ಒಂದೇ ಮಾತು ಒಂದು ಕಡೆ ಬಸದಿಯ ಗರ್ಭಗೃಹಕ್ಕೂ ಇನ್ನೊಂದು ಕಡೆ ಬಳೆ ಅಂಗಡಿಯ ಮೊಳೆಗೂ ನೇತುಬಿದ್ದಿರುವುದು ಭಾಷೆಯ ಸ್ವಭಾವಕ್ಕೆ ಹೊಸದೇನಲ್ಲ. ಚಮರಿಯ ಬಗೆಗೆ ಕವಿಗಳು ಕಟ್ಟಿಕೊಂಡ ಒಂದು ಸಮಯವೂ ಇದೆ. ಬಾಲದ ಕೂದಲು ಪೊದೆಗೆ ಸಿಕ್ಕಿಕೊಂಡರೆ, ಅದು ಹರಿದುಹೋದೀತೆಂಬ ಭಯದಿಂದ ಆ ಪ್ರಾಣಿ ಅಲುಗಾಡದೆ ನಿಂತು ಬೇಟೆಗಾರನಿಗೆ ಬಲಿಯಾಗುತ್ತದೆಯಂತೆ. ಕೂದಲು ನೀಗಿದರೆ ಜೀವ ಬಿಡುವ ಈ ಮೃಗವನ್ನು ತಮಿಳಿನ ತಿರುಕ್ಕುರಳ್ ಮಾನಧನರಿಗೆ ಹೋಲಿಸುತ್ತದೆ. ಹೋಲಿಕೆ ಸುಂದರವಾಗಿದೆ, ಆದರೆ ಕೂದಲು ಹೋದ ಮೇಲೂ ಬದುಕಬೇಕಾದವರಿಗೆ ಅದರಿಂದ ಪ್ರಯೋಜನ ಕಡಮೆ.

ಹೊಸದುರ್ಗದ ಒಂದು ಶ್ರಾವಕ ಮನೆತನದ ಸೊಸೆ, ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ, ಹೀಗೆ ಕೂದಲು ಕಳೆದುಕೊಂಡು ಬದುಕಿದವರು. ಅರ್ಬುದ ರೋಗಕ್ಕೆ ಕೀಮೋ ಚಿಕಿತ್ಸೆ ಆರಂಭವಾಗುವ ಮುನ್ನ, ಹೇಗಿದ್ದರೂ ಉದುರುವ ಕೂದಲನ್ನು ಮೊದಲೇ ಕತ್ತರಿಸುವುದು ಮನಸ್ಸಿಗೆ ಹಗುರವೆಂದು ದಾದಿಯೊಬ್ಬರು ಸೂಚಿಸಿದ್ದರು. ಅಂತೆಯೇ ಜಡೆಯನ್ನು ಬುಡದಲ್ಲಿ ದಾರದಿಂದ ಬಿಗಿದು ಕತ್ತರಿಸಲಾಯಿತು. ಚಿಕಿತ್ಸೆ ಮುಗಿದು ಎಂಟು ತಿಂಗಳಾದಾಗ ಅವರ ತಲೆಯ ಮೇಲಿದ್ದುದು ಮೂರು ಅಂಗುಲದ ಕೂದಲು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆಯುವ ಕೂದಲು ಅದಕ್ಕಿಂತ ಹೆಚ್ಚು ಬೆಳೆದಿರಲು ಸಾಧ್ಯವಿರಲಿಲ್ಲ. ಮೊದಲೇ ನವುರಾಗಿದ್ದುದು ಈಗ ಇನ್ನೂ ನವುರಾಗಿ, ಎಂದೂ ಇಲ್ಲದ ಗುಂಗುರನ್ನು ತಂದುಕೊಂಡಿತ್ತು. ಅಷ್ಟರಲ್ಲಿ ಹಿರಿಯೂರಿನಲ್ಲಿ ಅಣ್ಣನ ಮಗಳ ಮದುವೆ ನಿಶ್ಚಯವಾಯಿತು. ಸೋದರತ್ತೆಯಾದವಳು ಮದುವೆಮನೆಯ ಹಿಂದಿನ ಸಾಲಿನಲ್ಲಿ ಅಡಗಿ ಕೂರುವಂತಿಲ್ಲ.

ಅವರನ್ನು ಬಾಧಿಸಿದ್ದು ಕನ್ನಡಿಗಿಂತ ಹೆಚ್ಚಾಗಿ ಒಂದು ಪ್ರಶ್ನೆ. ಬಸ್ಸಿನಲ್ಲಿ, ಸಂತೆಯಲ್ಲಿ, ಶಾಲೆಯ ಗೇಟಿನ ಬಳಿ ಎದುರಾದವರೆಲ್ಲ ಸದ್ಭಾವದಿಂದಲೇ ಕೇಳುತ್ತಿದ್ದರು: "ತಿರುಪತಿಗೆ ಹೋಗಿದ್ರಾ ಮೇಡಂ?" ಕೆಲವರು ಧರ್ಮಸ್ಥಳದ ಹೆಸರೆತ್ತುತ್ತಿದ್ದರು. ಮುಡಿ ಕೊಡುವುದು ಈ ಸೀಮೆಯಲ್ಲಿ ಅಷ್ಟು ಸಹಜವಾದ ಹರಕೆ. ರೋಗದ ಹೆಸರು ಹೇಳಿದರೆ ಕೇಳಿದವರ ಮುಖ ಬಾಡುತ್ತದೆ, ಮರುಗಳಿಗೆಯೇ ಹತ್ತು ಪ್ರಶ್ನೆ ಏಳುತ್ತವೆ. ಆದ್ದರಿಂದ ಅವರು "ಹೌದು" ಎಂದುಬಿಡುತ್ತಿದ್ದರು. ಅಣುವ್ರತ ಸ್ವೀಕರಿಸಿದ ಶ್ರಾವಿಕೆಗೆ ಈ ಒಂದು ಅಕ್ಷರದ್ದೆನ್ನಬಹುದಾದ ಸುಳ್ಳು ಚುಚ್ಚತೊಡಗಿತು. ಚವರಿ ಕಟ್ಟಿಕೊಂಡರೆ ಪ್ರಶ್ನೆಯೇ ಹುಟ್ಟುವುದಿಲ್ಲ. ಆದರೆ ಇಲ್ಲದ ಜಡೆಯನ್ನು ಇದೆಯೆಂದು ತೋರುವುದು ಸತ್ಯಾಣುವ್ರತಕ್ಕೆ ಇನ್ನೂ ದೊಡ್ಡ ಭಂಗವಲ್ಲವೆ ಎಂಬ ಸಂದೇಹ ಅದರ ಬೆನ್ನಿಗೇ ಬಂದಿತು.

ಜೈನ ಮನೆಯಲ್ಲಿ ಕೂದಲು ಕೇವಲ ಅಲಂಕಾರದ ವಸ್ತುವಾಗಿ ಉಳಿಯುವುದಿಲ್ಲ. ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಕೇಶಲೋಚ ಒಂದು. ಎರಡು ತಿಂಗಳಿಗೊಮ್ಮೆ ಮಾಡಿದರೆ ಉತ್ತಮ, ಮೂರಕ್ಕೆ ಮಧ್ಯಮ, ನಾಲ್ಕಕ್ಕೆ ಜಘನ್ಯ, ಅಂದು ಉಪವಾಸ. ಆರ್ಯಿಕೆಯರಿಗೂ ಇದೇ ವಿಧಿ. ಕತ್ತಿ ಕತ್ತರಿಗಳ ಹಂಗಿಲ್ಲದೆ ಸ್ವಂತ ಕೈಯಿಂದಲೇ ಕಿತ್ತುಕೊಳ್ಳುವ ಈ ಕ್ರಿಯೆಯನ್ನು ಶ್ರಾವಕರು ಸುತ್ತ ನೆರೆದು ನೋಡುತ್ತಾರೆ. ಹಾಗೆ ನೋಡಿ ಬೆಳೆದ ಹೆಣ್ಣುಮಗಳು ಕೂದಲಿಗಾಗಿ ಮರುಗುವುದರಲ್ಲಿ ಒಂದು ಸಂಕೋಚ ಇದ್ದೇ ಇರುತ್ತದೆ. ಆದರೆ ಬಿಟ್ಟ ಕೂದಲಿಗೂ ಬಿಟ್ಟುಹೋದ ಕೂದಲಿಗೂ ವ್ಯತ್ಯಾಸವಿದೆ; ತ್ಯಾಗ ಮಾಡಿದ್ದಕ್ಕೆ ಫಲವುಂಟು, ಕಸಿದುಕೊಂಡದ್ದಕ್ಕೆ ಇಲ್ಲ. ತ್ಯಾಗದ ಪರಂಪರೆಯೂ ಕೂದಲನ್ನು ಕಸವೆಂದು ಎಸೆದಿಲ್ಲವೆಂಬುದನ್ನು ಆದಿಪುರಾಣದ ಓದುಗರು ಬಲ್ಲರು. ದೀಕ್ಷಾಕಾಲದಲ್ಲಿ ಆದಿದೇವನು ಪಂಚಮುಷ್ಟಿಯಿಂದ ಕಿತ್ತ ಕೇಶವನ್ನು ಇಂದ್ರನು ರತ್ನದ ಕರಂಡಕದಲ್ಲಿಟ್ಟು ಕ್ಷೀರಸಮುದ್ರಕ್ಕೆ ಒಯ್ಯುತ್ತಾನೆ. ದೀರ್ಘತಪಸ್ಸಿನಲ್ಲಿ ಮತ್ತೆ ಬೆಳೆದ ಜಟೆ ಹೆಗಲ ಮೇಲಿಳಿದು, ಶಿಲ್ಪದಲ್ಲಿ ಆದಿನಾಥನನ್ನು ಉಳಿದ ತೀರ್ಥಂಕರರಿಂದ ಬೇರ್ಪಡಿಸಿ ಗುರುತಿಸುವ ಕುರುಹಾಯಿತು. 941ರ ಸುಮಾರಿನಲ್ಲಿ ಈ ಕಾವ್ಯವನ್ನು ಬರೆದ ಪಂಪನೇ ವಿಕ್ರಮಾರ್ಜುನ ವಿಜಯದಲ್ಲಿ ದ್ರೌಪದಿಯ ಬಿಚ್ಚಿದ ಮುಡಿಯ ಸುತ್ತ ಒಂದು ಯುದ್ಧವನ್ನೇ ಕಟ್ಟಿದ. ಮುಡಿ ಕಳೆಯುವುದೂ ಮುಡಿ ಕಟ್ಟುವುದೂ ಒಬ್ಬನೇ ಕವಿಗೆ ಸಮಾನ ಗಂಭೀರ ವಿಷಯಗಳಾಗಿದ್ದವು.

ಮೊದಲ ಶೋಧ ಚಿತ್ರದುರ್ಗದ ಲಕ್ಷ್ಮೀ ಬಜಾರಿನಲ್ಲಿ ನಡೆಯಿತು. ಅಲ್ಲಿ ಸುಲಭವಾಗಿ ದೊರೆಯುವುದು ನೈಲಾನಿನ ಚವರಿ. ಬೆಲೆ ಕಡಮೆ, ಹೊಳಪು ಮಿತಿಮೀರಿದ್ದು. ಎಣ್ಣೆ ಹೀರದು, ಬಿಸಿ ತಾಗಿದರೆ ಮುದುಡಿ ಕರಗುತ್ತದೆ. ಅದಕ್ಕಿಂತ ಮುಖ್ಯವಾದ ತೊಡಕು ಬೇರೆಯಿತ್ತು. ಚವರಿಯ ತಲೆಯಲ್ಲಿರುವ ದಾರದ ಕುಣಿಕೆಗೆ ಹಿಡಿದುಕೊಳ್ಳಲು ಸ್ವಂತ ಕೂದಲಿನ ಒಂದು ಜುಟ್ಟಾದರೂ ಬೇಕು. ಜಡೆಯಿದ್ದವಳ ಜಡೆಯನ್ನು ಉದ್ದ ಮಾಡುವುದಕ್ಕೆ ಚವರಿ ಹುಟ್ಟಿದೆಯೇ ಹೊರತು ಜಡೆಯಿಲ್ಲದವಳಿಗೆ ಜಡೆ ಕೊಡುವುದಕ್ಕಲ್ಲ. ಹಿರಿಯೂರಿನಲ್ಲಿ ಮದುವೆಯ ಅಲಂಕಾರಕ್ಕೆಂದು ಗೊತ್ತುಮಾಡಿದ್ದ ಪಾರ್ಲರಿನವರು ಹೊಸ ಬಗೆಯದನ್ನು ತೋರಿಸಿದರು. ಮಾನವ ಕೂದಲಿನ ತೆಳು ಪಟ್ಟಿಗಳನ್ನು ಅಂಟು ಟೇಪಿನಿಂದ ಬುಡದ ಬಳಿ ಎರಡು ಕಡೆಯಿಂದ ಒತ್ತಿ ಕೂರಿಸುವ ಕ್ರಮ ಅದು. ಒಮ್ಮೆ ಹಾಕಿದರೆ ವಾರಗಟ್ಟಲೆ ನಿಲ್ಲುತ್ತದೆ. ದಟ್ಟ ಕೂದಲಿನವರಿಗೆ ಇದು ಹೊಂದೀತು. ನವುರಾದ ಎಳೆಗೂದಲಿನಲ್ಲಿ ಟೇಪಿನ ಅಂಚು ಇಣುಕುತ್ತದೆ, ಭಾರವು ಹಗಲಿರುಳೂ ಬೇರನ್ನು ಜಗ್ಗುತ್ತದೆ. ಸತತ ಎಳೆತದಿಂದ ಬೇರು ಸೊರಗಿ ಕೂದಲು ಉದುರುವುದು ವೈದ್ಯರು ಗುರುತಿಸಿರುವ ತೊಂದರೆಯೇ ಆಗಿದೆ. ಎಂಟು ತಿಂಗಳು ಕಾದು ಬೆಳೆದದ್ದನ್ನು ಎರಡು ದಿನದ ಮದುವೆಗಾಗಿ ಪಣಕ್ಕಿಡಲು ಅವರು ಒಪ್ಪಲಿಲ್ಲ.

ಮಾನವ ಕೂದಲು ಎಂಬ ಮಾತು ಮನೆಯಲ್ಲಿ ಇನ್ನೊಂದು ಚರ್ಚೆಗೆ ದಾರಿಯಾಯಿತು. ಅತ್ತೆಯವರು ಕಡ್ಡಿ ಮುರಿದಂತೆ ಹೇಳಿದರು: "ಯಾರ ತಲೇದೋ ಏನೋ, ಸತ್ತೋರ್ದೋ ಇದ್ದೋರ್ದೋ. ಅದನ್ನ ಹಾಕ್ಕಂಡು ಬಸದಿಗೆ ಹೆಂಗೆ ಬರ್ತೀಯಮ್ಮ?"

ಈ ಪ್ರಶ್ನೆಯನ್ನು ಹಳೆಯ ಕಾಲದವರ ಮಡಿಯೆಂದು ತಳ್ಳಿಹಾಕುವುದು ಆತುರವಾಗುತ್ತದೆ. ಪಾರ್ಲರಿನ ಪೆಟ್ಟಿಗೆಯ ಮೇಲೆ ಕೂದಲಿನ ಉದ್ದ, ಬಣ್ಣ, ತೂಕ ಎಲ್ಲವೂ ಮುದ್ರಿತವಾಗಿರುತ್ತವೆ. ತಲೆ ಯಾರದೆಂಬುದು ಮಾತ್ರ ಇರುವುದಿಲ್ಲ. ಪಿನ್ನು, ಬಾಚಣಿಗೆ, ಪಾತ್ರೆಗಳನ್ನು ಕೊಟ್ಟು ಬಾಚಿದ ಕೂದಲಿನ ಉಂಡೆಗಳನ್ನು ಕೊಳ್ಳುವ ಅಲೆಮಾರಿ ಹೆಂಗಸರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಸುತ್ತುತ್ತಾರೆ. ಗೋಡೆಯ ಗೂಡಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಸಿಟ್ಟ ಆ ಉಂಡೆಗಳು ಕೈಯಿಂದ ಕೈಗೆ ದಾಟಿ ಕೊಪ್ಪಳದ ಪಕ್ಕದ ಭಾಗ್ಯನಗರದಂಥ ಸಂಸ್ಕರಣ ಕೇಂದ್ರಗಳನ್ನು ಸೇರುತ್ತವೆ. ಅಲ್ಲಿ ಹೆಣ್ಣಾಳುಗಳು ಸಿಕ್ಕು ಬಿಡಿಸಿ, ಅಂಗುಲದ ಲೆಕ್ಕದಲ್ಲಿ ವಿಂಗಡಿಸಿ ಕಟ್ಟು ಕಟ್ಟುತ್ತಾರೆ. ಅಲ್ಲಿಂದ ಮುಂದೆ ಅದರ ದಾರಿ ಬಹುಕಾಲ ಚೀನದ ಕಡೆಗಿತ್ತು. 2022ರ ಜನವರಿಯಲ್ಲಿ ಕೇಂದ್ರ ಸರಕಾರ ಕಚ್ಚಾ ಕೂದಲಿನ ರಫ್ತಿಗೆ ನಿರ್ಬಂಧ ಹಾಕಿತು. ಇನ್ನೊಂದು ಮೂಲ ತಿರುಮಲದ ಕಲ್ಯಾಣಕಟ್ಟೆ. ಭಕ್ತರು ಒಪ್ಪಿಸಿದ ಮುಡಿ ಅಲ್ಲಿಂದ ಹರಾಜಿನ ಮೂಲಕ ಲೋಕದ ಮಾರುಕಟ್ಟೆಗೆ ಹೋಗುತ್ತದೆ. 2004ರಲ್ಲಿ ಜೆರೂಸಲೇಮಿನ ಧರ್ಮಗುರು ಎಲ್ಯಾಶಿವ್ ಅವರು ಈ ಮುಡಿಯನ್ನು ದೇವತಾರ್ಪಣೆಯೆಂದು ಬಗೆದು, ಅದರಿಂದಾದ ಕೃತಕ ಕೇಶವನ್ನು ಯೆಹೂದ್ಯ ಸ್ತ್ರೀಯರು ಧರಿಸಬಾರದೆಂದು ವಿಧಿಸಿದರು. ಸ್ವಂತ ಕೂದಲನ್ನು ಮರೆಮಾಡಲೆಂದು ಅವನ್ನು ಧರಿಸುತ್ತಿದ್ದ ವಿವಾಹಿತೆಯರು ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಬೀದಿಯಲ್ಲಿ ರಾಶಿ ಹಾಕಿ ಸುಟ್ಟರು. ಹೊಸದುರ್ಗದ ಅತ್ತೆಯ ಪ್ರಶ್ನೆಯೂ ಜೆರೂಸಲೇಮಿನ ಗುರುವಿನ ಪ್ರಶ್ನೆಯೂ ಒಂದೇ ಆಗಿರುವುದು ಸ್ವಾರಸ್ಯದ ಸಂಗತಿ.

ಶಾಸ್ತ್ರದಲ್ಲಿ ಅತ್ತೆಯವರಿಗೆ ಬೆಂಬಲವಿಲ್ಲದಿಲ್ಲ. ಮುನಿಯ ಆಹಾರದಲ್ಲಿ ಕಂಡರೆ ದೋಷವಾಗುವ ಹದಿನಾಲ್ಕು ಮಲಗಳಲ್ಲಿ ನಖದೊಡನೆ ರೋಮವನ್ನೂ ಎಣಿಸಿದೆ. ಆದರೆ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಅಶುಚಿತ್ವದ ಜೊತೆಗೆ ಅನ್ಯತ್ವವೂ ಇದೆ. ದೇಹವೇ ಜೀವಕ್ಕೆ ಅನ್ಯವೆಂದ ಮೇಲೆ ತಲೆಯ ಮೇಲಿನ ಕೂದಲು ನನ್ನದು, ಪೆಟ್ಟಿಗೆಯೊಳಗಿನದು ಪರರದು ಎಂಬ ವಿಂಗಡಣೆ ಎಷ್ಟು ದೂರ ನಿಂತೀತು? ಈ ತರ್ಕವನ್ನು ಸೊಸೆ ಅತ್ತೆಯ ಮುಂದೆ ಹೂಡಲಿಲ್ಲ. ಮದುವೆಮನೆಯ ತಯಾರಿಯ ನಡುವೆ ಯಾವ ಸೊಸೆಯೂ ಹೂಡುವುದಿಲ್ಲ.

ಬಿಕ್ಕಟ್ಟನ್ನು ಬಿಡಿಸಿದ್ದು ಹೊಳಲ್ಕೆರೆಯ ತವರುಮನೆ. ಆ ಊರಿನ ಬಯಲು ಗಣಪತಿಯ ಬೆನ್ನ ಮೇಲೆ ಜಡೆಯಿದೆ. ಎದುರು ನಿಂತು ಕೈಮುಗಿದು ಹೊರಟವರಿಗೆ ಅದು ಕಾಣದು, ಸುತ್ತು ಬಂದವರಿಗಷ್ಟೇ ಕಾಣುತ್ತದೆ. ತವರಿನ ತಾಯಿಯೂ ಯಾರಿಗೂ ಕಾಣದಂತೆ ಒಂದು ಜಡೆಯನ್ನು ಕಾಯ್ದಿಟ್ಟಿದ್ದರು. ಚಿಕಿತ್ಸೆಗೆ ಮುನ್ನ ಕತ್ತರಿಸಿದ ಮಗಳ ಜಡೆ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ ಸ್ಟೀಲಿನ ಡಬ್ಬಿಯಲ್ಲಿತ್ತು: ಇಪ್ಪತ್ತು ಅಂಗುಲ ಉದ್ದ, ಅಕ್ಕಸಾಲಿಗನ ತಕ್ಕಡಿಯಲ್ಲಿ 90 ಗ್ರಾಂ. ಕೂದಲಿನ ವ್ಯಾಪಾರಿಗಳ ಕಣ್ಣಿನಲ್ಲಿ ಇದೇ ಅತ್ಯುತ್ತಮ ದರ್ಜೆ. ಕೂದಲಿನ ಹೊರಪೊರೆಯಲ್ಲಿ ಮೀನಿನ ಮೈಯಂತೆ ಸಣ್ಣ ಹುರುಪೆಗಳಿದ್ದು ಅವು ಬುಡದಿಂದ ತುದಿಯ ಕಡೆಗೆ ಬಾಗಿರುತ್ತವೆ. ಬಾಚಣಿಗೆಯ ಉಂಡೆಯಲ್ಲಿ ಬುಡ ತುದಿಗಳು ಕಲಸಿಹೋಗುವುದರಿಂದ ಹುರುಪೆಗಳು ಪರಸ್ಪರ ಕಚ್ಚಿ ಸಿಕ್ಕಾಗುತ್ತವೆ. ಕಾರಖಾನೆಯವರು ಆಮ್ಲದಿಂದ ಹುರುಪೆ ತೆಗೆದು ಸಿಲಿಕೋನ್ ಲೇಪಿಸುತ್ತಾರೆ, ಕೆಲವು ಸಲ ತೊಳೆದರೆ ಆ ನುಣುಪು ಹೋಗುತ್ತದೆ. ಕಟ್ಟಿ ಕತ್ತರಿಸಿದ ಜಡೆಗೆ ಈ ತೊಂದರೆಯಿಲ್ಲ. ಅತ್ತೆಯವರ ಪ್ರಶ್ನೆಗೂ ಇದರಲ್ಲಿ ಉತ್ತರವಿತ್ತು.

ಆದರೂ ಹಳೆಯ ಜಡೆಯನ್ನು ಹೊಸ ತಲೆಯ ಪಕ್ಕಕ್ಕೆ ಹಿಡಿದಾಗ ಎರಡೂ ಒಬ್ಬರದಾಗಿ ಕಾಣಲಿಲ್ಲ. ಅದು ನೇರ, ಇದು ಗುಂಗುರು; ಅದರಲ್ಲಿ ಕೆಂಚು ಛಾಯೆ, ಇದು ಕಡುಗಪ್ಪು. ಯಾರದೋ ತಲೆಯ ಕೂದಲನ್ನು ನಿರಾಕರಿಸಿದ್ದವರಿಗೆ ತಮ್ಮದೇ ಕೂದಲು ಇನ್ನಾರದೋ ಎಂಬಂತೆ ತೋರಿತು. ಆ ರಾತ್ರಿ ಅವರು ಹೊಳಲ್ಕೆರೆಯಲ್ಲಿ ಸರಿಯಾಗಿ ಊಟ ಮಾಡಲಿಲ್ಲ ಎಂದು ತಾಯಿ ಮುಂದೆ ಹೇಳುತ್ತಿದ್ದರು.

ಸಾಣೇಹಳ್ಳಿಯ ರಂಗಭೂಮಿಯಿಂದಾಗಿ ಹೊಸದುರ್ಗದ ಸುತ್ತ ನಾಟಕದ ಸಂಗವಿರುವವರಿಗೆ ಕೊರತೆಯಿಲ್ಲ. ಊರೂರು ನಾಟಕಗಳಿಗೆ ಬಣ್ಣ ಹಚ್ಚಿ, ಟೋಪನ್ನು ಕಟ್ಟಿ ವಯಸ್ಸಾದ ಪ್ರಸಾಧನ ಕಲಾವಿದರೊಬ್ಬರಿಗೆ ಆ ಡಬ್ಬಿಯನ್ನು ತೋರಿಸಲಾಯಿತು. ಅವರು ಜಡೆಗಿಂತ ಮೊದಲು ತಲೆಯನ್ನು ನೋಡಿದರು. "ನಿಮ್ಮ ಕೂದಲು ಈಗ ಎಳೇ ಬಳ್ಳಿ ಮೇಡಂ. ಅದಕ್ಕೆ ಕುಂಬಳಕಾಯಿ ಕಟ್ಟಬಾರದು" ಎಂದರು. ಮೂರು ಅಂಗುಲದ ಕೂದಲಿನ ಕೆಳಗೆ ಇಪ್ಪತ್ತು ಅಂಗುಲ ತೂಗಿದರೆ ಹುಸಿಯೆಂಬುದು ಮಾರು ದೂರದಿಂದಲೇ ತಿಳಿಯುತ್ತದೆ. ಎಂಟು ಅಂಗುಲವಾದರೆ ಎರಡೂ ಬೆರೆಯುತ್ತವೆ ಎಂಬುದು ಅವರ ಲೆಕ್ಕ. ಅಂದರೆ ಜಡೆಯನ್ನು ಇನ್ನೊಮ್ಮೆ ಕತ್ತರಿಸಬೇಕು. ತಾಯಿ ಒಪ್ಪಲು ಎರಡು ದಿನ ಹಿಡಿಯಿತು. ರೋಗದ ಕಾಲದಲ್ಲಿ ಕತ್ತರಿಸಿದಾಗ ಅಳದವರು ಈಗ ಅತ್ತರು.

ಜಡೆಯ ಒಂದು ಪಾಲನ್ನು ಮಾತ್ರ ತೆಗೆದುಕೊಂಡು, ಎರಡು ಗೂಟಗಳ ನಡುವೆ ಬಿಗಿದ ಮೂರು ದಾರಗಳ ಮೇಲೆ ಎಳೆ ಎಳೆಯಾಗಿ ಹೆಣೆದು ಅವರು ಮೂರು ಕಿರಿದಾದ ಪಟ್ಟಿಗಳನ್ನು ಮಾಡಿದರು. ಒದ್ದೆ ಮಾಡಿ ಸಣ್ಣ ಬಿದಿರುಕಡ್ಡಿಗಳಿಗೆ ಸುತ್ತಿ ಒಣಗಿಸಿ ಗುಂಗುರು ತಂದರು. ಬಣ್ಣವನ್ನು ಕೂದಲಿಗೆ ಹಚ್ಚುವ ಸಾಧಾರಣ ಕಪ್ಪಿನಿಂದ ಹೊಂದಿಸಿದರು. ಪ್ರತಿ ಪಟ್ಟಿಗೂ ಸಣ್ಣ ಕ್ಲಿಪ್ಪು ಹೊಲಿದು, ರಾತ್ರಿ ಮಲಗುವಾಗ ತೆಗೆದಿಡಬೇಕೆಂದು ಕಟ್ಟುನಿಟ್ಟಾಗಿ ಹೇಳಿದರು. ಒಟ್ಟು ತೂಕ 25 ಗ್ರಾಂ. ಉಳಿದದ್ದು ಡಬ್ಬಿಗೆ ಮರಳಿತು.

ಹಿರಿಯೂರಿನ ಮದುವೆಯಲ್ಲಿ ಸೋದರತ್ತೆ ಹೆಗಲಿಗೆ ತಾಗುವ ಗುಂಗುರುಗೂದಲನ್ನು ಹಿಂದಕ್ಕೆ ಸೇರಿಸಿ ಸಣ್ಣ ಗಂಟು ಹಾಕಿ, ಅದರ ಸುತ್ತ ಒಂದು ಮೊಳ ಮಲ್ಲಿಗೆ ಮುಡಿದಿದ್ದರು. ಉದ್ದ ಜಡೆಯ ಕಾಲದಲ್ಲಿ ಅವರನ್ನು ಕಂಡಿದ್ದ ದೂರದ ನೆಂಟರೊಬ್ಬರು ಯಾವಾಗ ಕತ್ತರಿಸಿದಿರೆಂದು ಕೇಳಿದರು. ಅವರು ರೋಗದ ಹೆಸರನ್ನು ಹೇಳಿ, ಇದು ತಮ್ಮದೇ ಹಳೆಯ ಕೂದಲೆಂದೂ ತಿಳಿಸಿದರು. ಕೇಳಿದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕ್ಲಿಪ್ಪು ಹೇಗೆ ಕೂರುತ್ತದೆಂದು ತೋರಿಸಲು ಕೇಳಿಕೊಂಡರು; ಅವರ ತಂಗಿಗೂ ಅದೇ ಚಿಕಿತ್ಸೆ ನಡೆಯುತ್ತಿತ್ತು.

ಮುಂದೆ ಮುನಿಸಂಘವೊಂದು ಆ ದಾರಿಯಾಗಿ ವಿಹಾರ ಮಾಡಿದಾಗ ಮನೆಯಲ್ಲಿ ಆಹಾರದಾನದ ಅವಕಾಶ ಒದಗಿತು. ಎಳೆಯೊಂದು ಸಡಿಲಿ ಅನ್ನಕ್ಕೆ ಬಿದ್ದರೆ ಅಂತರಾಯವಾದೀತೆಂದು ಮೂರೂ ಪಟ್ಟಿಗಳನ್ನು ತೆಗೆದಿಟ್ಟು, ನಾಲ್ಕು ಅಂಗುಲ ದಾಟಿದ್ದ ಕೂದಲಿನ ಮೇಲೆ ಸೆರಗನ್ನು ಬಿಗಿಯಾಗಿ ಹೊದ್ದು ಸೊಸೆ ಪಡಿಗಾಹಿಸಲು ಬಾಗಿಲಲ್ಲಿ ನಿಂತರು. ಪಕ್ಕದಲ್ಲಿ ನಿಂತ ಅತ್ತೆ ಕಿವಿಯ ಬಳಿ ಹೊರಬಂದಿದ್ದ ಒಂದು ಗುಂಗುರನ್ನು ಸೆರಗಿನೊಳಕ್ಕೆ ಸೇರಿಸಿದರು.