ಹನ್ನೊಂದನೆಯ ಪ್ರಶ್ನೆ

ನಮ್ಮ ತಂಗಿಯ ಮಗಳು ನಾಲ್ಕು ವರ್ಷಗಳಿಂದ ಬೆಂಗಳೂರಿನಲ್ಲಿದ್ದುಕೊಂಡು ಡಾಕ್ಟೊರೇಟ್ ಪದವಿಗಾಗಿ ಸಂಶೋಧನೆ ನಡೆಸುತ್ತಿರುವಳು. ವಿಷಯವೇನೆಂದು ಬಂಧುಗಳು ಕೇಳಿದರೆ ಆಕೆಯ ತಾಯಿ “ಅದೇನೋ ಮಿದುಳಿನದು” ಎಂದಷ್ಟೇ ಹೇಳಿ, ಕಾಫಿ ತರುವ ನೆಪದಿಂದ ಒಳಕ್ಕೆ ಹೋಗಿಬಿಡುವಳು. ಚಿತ್ತವಿಭ್ರಮೆಯ ರೋಗಗಳಲ್ಲಿ, ಮುಖ್ಯವಾಗಿ ಸ್ಕಿಜೋಫ್ರೇನಿಯಾ ಎಂಬುದರಲ್ಲಿ, ಮಿದುಳಿನ ರಚನೆಯು ಯಾವ ಬಗೆಯ ವ್ಯತ್ಯಾಸವನ್ನು ಹೊಂದುವುದೆಂಬುದೇ ಆ ಹುಡುಗಿಯ ಶೋಧನೆಯ ವಿಷಯ. ತಂಗಿ ಏತಕ್ಕೆ ಒಳಕ್ಕೆ ಹೋಗುವಳೆಂಬುದು ನಮಗೆ ಗೊತ್ತು. ವಾಚಕರಿಗೂ ಮುಂದೆ ಗೊತ್ತಾಗುವುದು.

ಕಳೆದ ಮಾಘಮಾಸದಲ್ಲಿ ನಾವು ಆಕೆಯನ್ನು ನೋಡಲು ಹೋಗಿದ್ದೆವು. ಸಂಶೋಧನೆಯೆಂದರೆ ಗಾಜಿನ ನಳಿಕೆಗಳೂ ಬಣ್ಣದ ದ್ರವಗಳೂ ಇರುವುವೆಂದು ನಾವು ಎಣಿಸಿದ್ದುದು ಸುಳ್ಳಾಯಿತು. ಹುಡುಗಿಯು ಒಂದು ಪರದೆಯ ಮುಂದೆ ಕುಳಿತು, ಎಂ.ಆರ್.ಐ. ಯಂತ್ರವು ಹೋಳುಹೋಳಾಗಿ ತೆಗೆದ ಮಿದುಳಿನ ಚಿತ್ರಗಳ ಮೇಲೆ ಒಂದು ಚಿಕ್ಕ ಭಾಗದ ಅಂಚನ್ನು ಗೆರೆಯಿಂದ ಗುರುತಿಸುತ್ತಿದ್ದಳು. ರಂಗೋಲಿಯ ಎಳೆ ಹಾಕುವಷ್ಟೇ ಎಚ್ಚರ. ಜ್ಞಾಪಕಶಕ್ತಿಗೆ ಆಧಾರವಾದ ಹಿಪ್ಪೋಕ್ಯಾಂಪಸ್ ಎಂಬ ಭಾಗವಂತೆ ಅದು. ಗಣಕಯಂತ್ರವೇ ಇದನ್ನು ಮಾಡಬಲ್ಲುದು, ಆದರೆ ಅದು ತಪ್ಪುವ ಕಡೆಯಲ್ಲಿ ಕೈಯಿಂದಲೇ ತಿದ್ದಬೇಕು. ರೋಗಿಯು ಯಂತ್ರದೊಳಗೆ ಸ್ವಲ್ಪ ಅಲುಗಾಡಿದರೂ ಚಿತ್ರ ಕದಡಿ ಹೋಗುವುದು. ಆ ಯಂತ್ರವೋ ತಗಡಿನ ಡಬ್ಬವನ್ನು ಬಡಿದಂತೆ ಸದ್ದು ಮಾಡುವಂಥದು. ಮೊದಲೇ ಇಲ್ಲದ ಸದ್ದುಗಳನ್ನು ಕೇಳುತ್ತಿರುವವನನ್ನು ಅದರೊಳಗೆ ಅರ್ಧ ಗಂಟೆ ಮಲಗಿಸುವುದು ಎಷ್ಟು ಸಮಾಧಾನದ ಕೆಲಸವೆಂಬುದನ್ನು ಊಹಿಸಬಹುದು.

ಮಿದುಳಿನ ನಡುವೆ ನೀರು ತುಂಬಿದ ಕುಹರಗಳು ಇರುವುವೆಂಬುದನ್ನು ನಾವು ತಿಳಿದದ್ದು ಅಂದೇ. ಅವುಗಳದೇ ಒಂದು ಕಥೆಯುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಕ್ರೆಪೆಲಿನ್ ಎಂಬ ವೈದ್ಯನು ಈ ರೋಗವನ್ನು ವಿಂಗಡಿಸಿ, ಇದು ಮಿದುಳಿನದೇ ಬೇನೆಯೆಂದು ನಂಬಿದನು. 1908ರಲ್ಲಿ ಬ್ಲಾಯ್ಲರ್ ಎಂಬ ಸ್ವಿಸ್ ವೈದ್ಯನು ಈಗಿನ ಹೆಸರನ್ನು ಕೊಟ್ಟನು. ಸೂಕ್ಷ್ಮದರ್ಶಕದಲ್ಲಿ ಮಾತ್ರ ಒಪ್ಪತಕ್ಕ ಗುರುತೊಂದೂ ಸಿಕ್ಕಲಿಲ್ಲ. 1927ರಲ್ಲಿ ಯೇನಾ ನಗರದ ಇಬ್ಬರು ವೈದ್ಯರು ಕುಹರಗಳೊಳಗೆ ಗಾಳಿಯನ್ನು ತುಂಬಿ ಕ್ಷಕಿರಣದ ಚಿತ್ರ ತೆಗೆದು, ಅವು ಹಿಗ್ಗಿರುವುವೆಂದು ಬರೆದರು. ಆ ಪರೀಕ್ಷೆ ಬಹು ನೋವಿನದು, ಆದಕಾರಣ ನಿರೋಗಿಗಳಿಗೆ ಅದನ್ನು ಮಾಡಿ ಹೋಲಿಸಿ ನೋಡುವುದು ಸಾಧ್ಯವಿರಲಿಲ್ಲ. ಹೀಗೆ ಕುರುಹು ಕಾಣದಿದ್ದ ಕಾಲದಲ್ಲಿ ತಪ್ಪನ್ನು ಹೊರಿಸಲು ಯಾರಾದರೂ ಬೇಕಲ್ಲವೆ? 1948ರಲ್ಲಿ ಅಮೆರಿಕದ ಒಬ್ಬ ಪ್ರಸಿದ್ಧ ವೈದ್ಯೆಯು ರೋಗವನ್ನು ಹುಟ್ಟಿಸುವ ತಾಯಿ ಎಂಬ ಅರ್ಥದ ಒಂದು ಮಾತನ್ನೇ ಬಳಕೆಗೆ ತಂದಳು. ನಮ್ಮ ಊರಿನ ನೆರೆಹೊರೆಯವರು ಆಕೆಯ ಲೇಖನವನ್ನು ಓದಿರಲಿಲ್ಲ. ಓದುವ ಅವಶ್ಯಕತೆಯೂ ಅವರಿಗೆ ಇರಲಿಲ್ಲ.

1976ರಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಎಂಬಲ್ಲಿ ಈವ್ ಜಾನ್‌ಸ್ಟನ್ ಮತ್ತು ಸಂಗಡಿಗರು, ಆಗ ಹೊಸದಾಗಿದ್ದ ಸಿ.ಟಿ. ಯಂತ್ರದಿಂದ ಬಹುಕಾಲದ ಕೆಲವೇ ರೋಗಿಗಳನ್ನೂ ಕೆಲವರು ನಿರೋಗಿಗಳನ್ನೂ ನೋಡಿ, ರೋಗಿಗಳ ಕುಹರಗಳು ದೊಡ್ಡವೆಂದು ತೋರಿಸಿದರು. ಅಲ್ಲಿಂದ ಮುಂದೆ ಲೆಕ್ಕವು ಬೆಳೆಯಿತು. ಅನೇಕ ದೇಶಗಳವರು ಕೂಡಿ 2018ರಲ್ಲಿ ಪ್ರಕಟಿಸಿದ ಒಂದು ಶೋಧನೆಯಲ್ಲಿ 4,474 ರೋಗಿಗಳನ್ನು 5,098 ನಿರೋಗಿಗಳೊಡನೆ ಹೋಲಿಸಲಾಗಿ, ಮಿದುಳಿನ ಹೊರಪದರವು ರೋಗಿಗಳಲ್ಲಿ ಸರಾಸರಿಯಿಂದ ತುಸು ತೆಳುವಾಗಿ ಕಂಡಿತು. ಆ ಪದರವೇ ಎರಡು ಮೂರು ಮಿಲಿಮೀಟರು ದಪ್ಪದ್ದು. ವ್ಯತ್ಯಾಸವು ಅದರಲ್ಲೊಂದು ಸಣ್ಣ ಪಾಲು.

“ಹಾಗಾದರೆ ಚಿತ್ರ ನೋಡಿ ಇವನಿಗೆ ರೋಗವುಂಟು, ಇವನಿಗಿಲ್ಲವೆಂದು ಹೇಳಬಲ್ಲೆಯಾ ಮಗು?” ಎಂದೆವು.

“ಇಲ್ಲ ಮಾವ. ಸಾವಿರಾರು ಜನರನ್ನು ಸೇರಿಸಿದಾಗ ಕಾಣುವ ಭೇದ ಇದು. ಒಬ್ಬೊಬ್ಬರನ್ನೇ ತೆಗೆದುಕೊಂಡರೆ ರೋಗಿ ನಿರೋಗಿ ಕಲಸಿಹೋಗುತ್ತಾರೆ. ನಿಮ್ಮ ಚಿತ್ರವನ್ನೂ ಚಿಕ್ಕ ಮಾವನ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟರೆ ಯಾರದು ಯಾವುದೆಂದು ನಾನು ಹೇಳಲಾರೆ.”

ಆ ವ್ಯತ್ಯಾಸವಾದರೂ ರೋಗದಿಂದಲೋ, ಔಷಧದಿಂದಲೋ, ಹೊಗೆಸೊಪ್ಪಿನಿಂದಲೋ, ಹುಟ್ಟಿನಿಂದಲೋ ಎಂಬುದನ್ನು ಬಿಡಿಸುವುದೇ ಆಕೆಯ ಕಷ್ಟ. ಔಷಧದ ಪಾಲೂ ಕೆಲಮಟ್ಟಿಗೆ ಇರಬಹುದೆಂದು 2011ರಲ್ಲಿ ಅಮೆರಿಕದ ಅಯೋವಾದವರು 211 ರೋಗಿಗಳನ್ನು ವರ್ಷಗಟ್ಟಲೆ ಅನುಸರಿಸಿ ಬರೆದಿರುವರು. ಹಾಗೆಂದು ಔಷಧವನ್ನು ನಿಲ್ಲಿಸಿದರೆ ಬೇನೆ ಮರುಕಳಿಸುವ ಭಯವು ಹೆಚ್ಚು. ನಮ್ಮ ಮನೆಯಲ್ಲಿ ಒಮ್ಮೆ ನಿಲ್ಲಿಸಿ ನೋಡಿದ್ದೇವೆ, ಇನ್ನೊಮ್ಮೆ ನೋಡುವ ಧೈರ್ಯವಿಲ್ಲ. ಔಷಧವನ್ನೇ ಮುಟ್ಟದ ಹೊಸ ರೋಗಿಗಳ ಚಿತ್ರ ಸಿಕ್ಕಿದರೆ ಅನುಕೂಲ. ಆದರೆ ಚಿತ್ರಕ್ಕಾಗಿ ಯಾರ ಚಿಕಿತ್ಸೆಯನ್ನೂ ತಡೆಯುವಂತಿಲ್ಲ.

ಹೋಲಿಕೆಗೆ ನಿರೋಗಿಗಳು ಸಾಲದೆ ಇದ್ದಾರೆಂದು ಹುಡುಗಿಯು ಹೇಳಿದಾಗ ನಾವು ಉತ್ಸಾಹದಿಂದ ಮುಂದಾದೆವು. ಆಕೆ ನಕ್ಕು, ಆಗದೆಂದರೂ ಕೇಳದೆ, “ನಮೂನೆಯನ್ನಾದರೂ ಓದು” ಎಂದೆವು. ವಯಸ್ಸು, ವಿದ್ಯೆ, ಯಾವ ಕೈಯಲ್ಲಿ ಬರೆಯುವಿರಿ, ತಲೆಗೆ ಪೆಟ್ಟಾದದ್ದುಂಟೆ ಎಂದು ಓದುತ್ತ ಬಂದಳು. ಹನ್ನೊಂದನೆಯ ಪ್ರಶ್ನೆ: “ತಂದೆತಾಯಿ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಯಾರಿಗಾದರೂ ಮಾನಸಿಕ ರೋಗ ಉಂಟೆ?”

“ಇಲ್ಲ” ಎಂದೆವು.

ಯೋಚಿಸಿ ಹೇಳಿದುದಲ್ಲ, ಬಾಯಿ ತಾನಾಗಿ ಆಡಿದ ಮಾತು. ನಮ್ಮ ತಮ್ಮನು 1979ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮೈಸೂರಿನ ಕಾಲೇಜಿನಿಂದ ಮನೆಗೆ ಬಂದು, ರೇಡಿಯೊದಲ್ಲಿ ವಾರ್ತೆ ಓದುವವರು ತನ್ನೊಬ್ಬನ ವಿಷಯವನ್ನೇ ಹೇಳುತ್ತಿರುವರೆಂದನು. ತಾಯಿತ, ಹರಕೆ, ದೇವಸ್ಥಾನಗಳ ಉರುಳುಸೇವೆ ಇವುಗಳಲ್ಲಿ ಎರಡು ವರ್ಷ ಕಳೆದು, ಆಮೇಲೆ ಆಸ್ಪತ್ರೆ ಕಂಡೆವು. ಪರೀಕ್ಷೆಯ ವಿಷಯಕ್ಕೆ ತಾನು ಬೈದದ್ದೇ ಕಾರಣವೆಂದು ಅಮ್ಮ ತಿಳಿದಿದ್ದಳು. ಊರವರೂ ಹಾಗೆಂದೇ ಆಡಿಕೊಂಡರು. 1986ರಲ್ಲಿ ತಂಗಿಯ ಮದುವೆ ನಿಶ್ಚಯವಾದಾಗ, ತಮ್ಮನು ಮುಂಬಯಿಯಲ್ಲಿ ನೌಕರಿಯಲ್ಲಿದ್ದಾನೆಂದು ಬೀಗರಿಗೆ ಹೇಳಿದವರು ನಾವೇ. ಮದುವೆಯ ಮೂರು ದಿನ ಅವನು ಅಟ್ಟದ ಮೇಲಿನ ಕೋಣೆಯಲ್ಲಿದ್ದನು. ಊಟದ ಎಲೆಯನ್ನು ಅಮ್ಮ ಸೆರಗಿನಲ್ಲಿ ಮರೆಮಾಡಿಕೊಂಡು ಒಯ್ಯುತ್ತಿದ್ದಳು. ಬೀಗರು ಒಳ್ಳೆಯವರು, ವರ್ಷದೊಳಗೆ ತಿಳಿದರೂ ಒಂದು ಮಾತೂ ಆಡಲಿಲ್ಲ. ಅವರು ಆಡದಿದ್ದುದರಿಂದ ನಾವೂ ಆಡದೆ ಉಳಿದೆವು.

ಹುಡುಗಿಯು ಲೇಖನಿಯನ್ನು ಕೆಳಗಿಟ್ಟು “ಮಾವ” ಎಂದಳು. ಬೇರೇನನ್ನೂ ಹೇಳಲಿಲ್ಲ.

“ಉಂಟು, ಬರೆದುಕೊ” ಎಂದೆವು. ಆಕೆ ಬರೆದುಕೊಂಡು, ಹಾಳೆಯನ್ನು ಮಡಿಸಿ ಬೇರೆ ಕಡೆಗಿಟ್ಟಳು. ರೋಗವಿಲ್ಲದ ಒಡಹುಟ್ಟಿದವರ ಮಿದುಳಿನಲ್ಲಿಯೂ ಕೆಲವೊಮ್ಮೆ ಆ ವ್ಯತ್ಯಾಸದ ತೆಳುವಾದ ನೆರಳು ಕಾಣುವುದಂತೆ. ಆದಕಾರಣ ನಿರೋಗಿಗಳ ಪಟ್ಟಿಯಲ್ಲಿ ನಮಗೆ ಸ್ಥಳವಿಲ್ಲ. ಈ ವಯಸ್ಸಿನಲ್ಲಿ ಅನುತ್ತೀರ್ಣರಾದೆವೆಂದು ನಗಲು ಯತ್ನಿಸಿದೆವು, ಚೆನ್ನಾಗಿ ಬರಲಿಲ್ಲ.

ಊರಿಗೆ ಬಂದಾಗ ತಮ್ಮನು ಹಿತ್ತಲಿನಲ್ಲಿ ಮಲ್ಲಿಗೆಯ ಬಳ್ಳಿಗೆ ನೀರು ಹಾಕುತ್ತಿದ್ದನು. ಅವನಿಗೀಗ ಅರವತ್ತು ದಾಟಿದೆ.

“ಮಗು ತಲೆಗಳ ಚಿತ್ರ ತೋರಿಸಿದಳಾ ಅಣ್ಣ? ಒಳಗೆ ಏನಿದೆಯಂತೆ?”

ಬೇರೆ ಮಾತು ತೆಗೆಯಬಹುದಿತ್ತು, ತೆಗೆಯಲಿಲ್ಲ. ಮೆಟ್ಟಿಲ ಮೇಲೆ ಕುಳಿತು, ಕುಹರಗಳನ್ನೂ ಪದರವನ್ನೂ ನಮಗೆ ತಿಳಿದಷ್ಟು ಹೇಳಿದೆವು. ಅವನು ಕೊನೆಯವರೆಗೂ ಕೇಳಿದನು.

“ಹಾಗಾದರೆ ಅಮ್ಮ ಬೈದದ್ದರಿಂದ ಆದದ್ದಲ್ಲ.”

“ಅಲ್ಲ.”

“ನನಗೆ ಗೊತ್ತಿತ್ತು” ಎಂದು ಹೇಳಿ, ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ಬುಡಕ್ಕೆ ಸುರಿದನು.