ಹ್ಯಾಂಗಾತು ಎಂದಷ್ಟೇ ಕೇಳುತ್ತಾರೆ

20 ಜೂನ್ 2025, ಶುಕ್ರವಾರ

ಬಂದವರೆಲ್ಲ ಅದನ್ನೇ ಕೇಳುತ್ತಾರೆ. "ಹ್ಯಾಂಗಾತು? ಎಷ್ಟೊತ್ತಿಗೆ?" ಅತ್ತೆ ಮತ್ತೆ ಮೊದಲಿಂದ ಹೇಳುತ್ತಾಳೆ. ಮಂಗಳವಾರ ಬೆಳಿಗ್ಗೆ ಮಳೆ ಹೊಳವಾಗಿತ್ತು. ಅಡಿಕೆ ತೋಟಕ್ಕೆ ಔಷಧಿ ಹೊಡೆಯಲು ಕೊನೆಗೌಡ ಬಂದಿದ್ದ. ಮಾವ ಸುಣ್ಣ ಕದಡಿಟ್ಟು ಬಂದು ಜಗಲಿಯಲ್ಲಿ ಕೂತ, ಕಷಾಯ ಕೇಳಿದ. ಲೋಟ ಹಿಡಿದು ಬರುವಷ್ಟರಲ್ಲಿ ಕಂಬಕ್ಕೆ ಒರಗಿದ್ದ. ಕಾರು ಸಾಗರ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಇಷ್ಟನ್ನು ಇವತ್ತು ಬೆಳಗಿನಿಂದ ಎಷ್ಟು ಸಲ ಕೇಳಿದೆನೋ. ಮಾವನ ಎಪ್ಪತ್ತು ವರ್ಷವನ್ನು ಈ ಅರ್ಧ ಗಂಟೆ ನುಂಗಿಬಿಡುತ್ತಿದೆ. ಕಂಬಕ್ಕೆ ಒರಗಿದವನಷ್ಟೇ ಉಳಿದು, ಅದಕ್ಕೂ ಮೊದಲಿನ ಮಾವ ನಮ್ಮ ಬಾಯಿಂದಲೇ ಮರೆಯಾಗಬಾರದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

22 ಜೂನ್, ಭಾನುವಾರ

ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ 16ನೇ ತಾರೀಕಿನವರೆಗೆ ಮಾವನ ಅಕ್ಷರ ಇದೆ. ಪ್ರತಿ ಮಳೆಗಾಲವೂ ಅವನು ಪೇಪರು ಬಿಡಿಸಿದ ಕೂಡಲೇ ಲಿಂಗನಮಕ್ಕಿ ಆಣೆಕಟ್ಟೆಯ ನೀರಿನ ಮಟ್ಟ ನೋಡಿ ಆ ದಿನದ ಚೌಕದಲ್ಲಿ ಬರೆದಿಡುತ್ತಿದ್ದ. ಪೂರ್ತಿ ಮಟ್ಟ 1819 ಅಡಿ. ಚಿಕ್ಕವಳಿದ್ದಾಗ ಆ ಸಂಖ್ಯೆಯನ್ನು ನನಗೆ ಬಾಯಿಪಾಠ ಮಾಡಿಸಿದ್ದ.

1964ರಲ್ಲಿ ಆಣೆಕಟ್ಟೆ ಮುಗಿದಾಗ ಮಾವನಿಗೆ ಒಂಬತ್ತು ವರ್ಷ, ಅವನ ತಂಗಿ ನನ್ನ ಅಮ್ಮನಿಗೆ ಐದು. ಶರಾವತಿ ದಡದಲ್ಲಿದ್ದ ಮನೆಯ ಕಂಬ, ಬಾಗಿಲು, ಹೆಂಚುಗಳನ್ನು ಕಳಚಿ ಗಾಡಿಗೆ ಹೇರಿಕೊಂಡು ಈಚೆ ಬಂದರು. ಅವನು ಒರಗಿದ ಕಂಬವೂ ಹಾಗೆ ಗಾಡಿಯಲ್ಲಿ ಬಂದದ್ದೇ. ತೋಟವನ್ನು ಹೇರಿಕೊಂಡು ಬರಲಾಗುತ್ತದೆಯೇ? ಫಲ ಕೊಡುತ್ತಿದ್ದ ಅಡಿಕೆ ಮರಗಳನ್ನು ನೀರಿಗೆ ಬಿಟ್ಟು ಬಂದ ಅಜ್ಜ, ಇಲ್ಲಿ ಹೊಸ ಸಸಿ ನೆಟ್ಟು, ಅವು ಸಿಂಗಾರ ಬಿಡುವುದನ್ನು ಕಾಯುತ್ತಾ ಕೂಲಿಗೂ ಹೋದನಂತೆ. ಊರಿಗೆಲ್ಲ ಬೆಳಕು ಕೊಟ್ಟ ಹೊಳೆ ಅದು. ಹಾಗೆಂದು ಮಾವನೇ ಹೇಳುತ್ತಿದ್ದ, ಬೇಸರವಿಲ್ಲದೆ. ಆದರೂ ಒಂದು ದಿನ ತಪ್ಪದೆ ಮಟ್ಟ ಬರೆಯುತ್ತಿದ್ದ.

25 ಜೂನ್, ಬುಧವಾರ

ಅರ್ಧಕ್ಕೆ ನಿಂತ ಔಷಧಿ ಕೆಲಸ ಇವತ್ತು ಮುಗಿಯಿತು. ಸೂತಕವೆಂದು ಕೊಳೆರೋಗ ಕಾಯುವುದಿಲ್ಲ. ಅದರಲ್ಲೂ ಈ ಸಲ ಮೇ ತಿಂಗಳಲ್ಲೇ ಮಳೆ ಹಿಡಿದಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣದ ನೀರಿಗೆ ತುತ್ತದ ನೀರನ್ನು ಹೊಯ್ಯಬೇಕು, ತಿರುಗಾಮುರುಗಾ ಆಗಬಾರದು. ಹದ ನೋಡಲು ಮಾವ ಕತ್ತಿಯ ತುದಿ ಅದ್ದುತ್ತಿದ್ದ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು ಎಂದು ಲೆಕ್ಕ. ಮಾವನ ಮಗ, ನನ್ನ ಭಾವ, ಇವತ್ತು ಅದೇ ಕತ್ತಿ ಅದ್ದಿ ನೋಡಿದ. ಯಾರೂ ಮಾತಾಡಲಿಲ್ಲ.

29 ಜೂನ್, ಭಾನುವಾರ

ವೈಕುಂಠ ಸಮಾರಾಧನೆ ಮುಗಿಯಿತು. ಎಲೆ ತುದಿಗೆ ಮಾವನೇ ಬೆಳೆದ ಅಪ್ಪೆಮಿಡಿಯ ಉಪ್ಪಿನಕಾಯಿ ಬಡಿಸಿದರು. ಅದರ ಬಗ್ಗೆ ವಿವರವಾಗಿ ಬರೆಯಬೇಕು.

ಮುಳುಗಿದ ಮನೆಯ ಹಿಂದೆ, ಹೊಳೆಗೆ ಬಾಗಿದ ಒಂದು ಅಪ್ಪೆಮರ ಇತ್ತು. ಊರು ಬಿಡುವ ವರ್ಷ ಅಜ್ಜಿ ಅದರ ಮಿಡಿಯನ್ನೆಲ್ಲ ಕೊಯ್ಸಿ ಉಪ್ಪಿಗೆ ಹಾಕಿ ಜಾಡಿ ತುಂಬಿಸಿಕೊಂಡು ಬಂದಳು. ಸರಿಯಾಗಿ ಹಾಕಿದ ಅಪ್ಪೆಮಿಡಿ ವರ್ಷಗಟ್ಟಲೆ ಕೆಡುವುದಿಲ್ಲ. ಮರ ನೀರಿನಡಿ ನಿಂತ ಮೇಲೂ ಮನೆಯವರು ಅದರ ಮಿಡಿ ಉಂಡರು. ಕೊನೆಯ ಮಿಡಿಯನ್ನು ಅಜ್ಜಿ ಮಾವನ ಎಲೆಗೆ ಹಾಕಿದಳಂತೆ. ಆಗ ಅವನು ಹೈಸ್ಕೂಲಿನಲ್ಲಿದ್ದ.

ಆ ಪರಿಮಳವನ್ನು ಮಾವ ಆಮೇಲೆ ಜೀವನವಿಡೀ ಹುಡುಕಿದ. ಫೆಬ್ರವರಿ ಬಂತೆಂದರೆ ಬೈಕು ಹತ್ತಿ ಹೊಸನಗರದ ಕಡೆ, ರಿಪ್ಪನ್‌ಪೇಟೆ ಕಡೆ, ಹಳ್ಳದ ದಂಡೆಗಳಲ್ಲಿ ತಿರುಗುತ್ತಿದ್ದ. ಮಿಡಿಯ ತೊಟ್ಟು ಮುರಿದು ಸೊನೆ ಮೂಸುತ್ತಿದ್ದ, ನನಗೂ ಮೂಸಲು ಕೊಡುತ್ತಿದ್ದ. ಒಂದಕ್ಕೆ ಜೀರಿಗೆಯ ಪರಿಮಳ, ಇನ್ನೊಂದಕ್ಕೆ ಕರ್ಪೂರದ್ದು. ಮಿಡಿ ನೆಲಕ್ಕೆ ಬೀಳುವ ಹಾಗಿಲ್ಲ, ತೊಟ್ಟು ಸಮೇತ ಕೈಯಲ್ಲೇ ಕೊಯ್ಯಬೇಕು. ಪೆಟ್ಟು ತಿಂದದ್ದು ಜಾಡಿಯಲ್ಲಿ ಕೊಳೆಯುತ್ತದೆ. ಅರವತ್ತು ದಾಟಿದ ಮೇಲೂ ತಾನೇ ಮರ ಹತ್ತುತ್ತಿದ್ದ. ಹತ್ತಿರವೆನಿಸಿದ ಮರದ ಕುಡಿ ತಂದು ಕಸಿ ಕಟ್ಟುತ್ತಿದ್ದ. ಈಗ ಬೇಲಿ ಸಾಲಿನಲ್ಲಿರುವ ಅಪ್ಪೆಗಳೆಲ್ಲ ಹಾಗೆ ಬಂದವು. ಪ್ರತಿ ಜಾಡಿ ತೆರೆದಾಗಲೂ ಒಂದನ್ನು ಕಚ್ಚಿ ಕಣ್ಣು ಮುಚ್ಚಿ ಕೂರುತ್ತಿದ್ದ. "ಹತ್ರಕ್ಕೆ ಬಂಜು ಕೂಸೇ. ಆದ್ರೆ ಅದಲ್ಲ." ಬೇಜಾರಿನ ದನಿ ಅಲ್ಲ ಅದು. ಬರುವ ವರ್ಷ ಎಲ್ಲಿಗೆ ಹೋಗಬೇಕೆಂದು ಆಗಲೇ ಯೋಚಿಸುತ್ತಿರುತ್ತಿದ್ದ. ಅವನಷ್ಟು ಆಸೆಯಿಂದ ಬದುಕಿದವರನ್ನು ನಾನು ಬೇರೆ ನೋಡಿಲ್ಲ.

14 ಜುಲೈ, ಸೋಮವಾರ

ಇವತ್ತು ಸಿಗಂದೂರು ಸೇತುವೆ ಉದ್ಘಾಟನೆ. ಟಿವಿಯಲ್ಲಿ ನೋಡಿದೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದ.

ಅಮ್ಮನನ್ನು ಕೊಟ್ಟದ್ದು ತುಮರಿ ಕಡೆಗೆ. ಅಣ್ಣ ತಂಗಿಯ ನಡುವೆ ಆ ನೀರು, ಅದರ ಮೇಲೊಂದು ಲಾಂಚು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಹೊಸನಗರದ ಮೇಲೆ ಸುತ್ತು ಹಾಕಬೇಕಿತ್ತು. ಮಾವ ಬಂದಾಗಲೆಲ್ಲ ಊಟ ಆದ ಕೂಡಲೇ ಅಮ್ಮ ಗಡಿಯಾರ ನೋಡಲು ಶುರುಮಾಡುತ್ತಿದ್ದಳು. ಅವನದು ಒಂದೇ ಉತ್ತರ: "ಅಡ್ಡಿ ಇಲ್ಲೆ ತಂಗೀ, ತಪ್ಪಿದ್ರೆ ಉಳಿತಿ." ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದ ಎಂದು ನನ್ನ ಗುಮಾನಿ. ಆ ರಾತ್ರಿಗಳಲ್ಲಿ ಇಬ್ಬರೂ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಾ ಮುಳುಗಿದ ಊರಿನ ಮನೆಗಳನ್ನು ಒಂದೊಂದಾಗಿ ಹೆಸರಿಸುತ್ತಿದ್ದರು.

ಸೇತುವೆಯ ಕಂಬಗಳು ಏಳುವುದನ್ನು ಮಾವ ಲಾಂಚಿನಲ್ಲಿ ನಿಂತು ನೋಡಿದ್ದ. ಮೊದಲ ದಿನವೇ ಬೈಕಿನಲ್ಲಿ ಬರುತ್ತೇನೆಂದು ಅಮ್ಮನಿಗೆ ಹೇಳಿಟ್ಟಿದ್ದ. ಹೋದ ತಿಂಗಳು ಅಮ್ಮ ಅಣ್ಣನ ಮುಖ ನೋಡಲು ಲಾಂಚಿನಲ್ಲೇ ಬಂದಳು. ಇನ್ನು ನಾಲ್ಕು ವಾರ! ಈ ಲೆಕ್ಕ ಹಾಕಬಾರದು ಎಂದುಕೊಳ್ಳುತ್ತೇನೆ, ಆಗುತ್ತಿಲ್ಲ.

20 ಜುಲೈ, ಭಾನುವಾರ

ಮುಳುಗಡೆ ಊರಿನ ಪೈಕಿಯ ಅಜ್ಜರೊಬ್ಬರು, ಮಾವನ ಬಾಲ್ಯದ ಜೊತೆಗಾರರು, ಬಂದಿದ್ದರು. ಕಾಲು ನೋವಿನಿಂದ ಮೊದಲೇ ಬರಲಾಗಿರಲಿಲ್ಲವಂತೆ. ಅವರೂ "ಹ್ಯಾಂಗಾತು?" ಎಂದೇ ಕೇಳಿದರು. ಅತ್ತೆ ಬಾಯಿ ತೆರೆದಳು, ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ ಬೇರೆಯೇ ಹೇಳಿದಳು.

ಮದುವೆಯಾದ ಮರುವರ್ಷ ಬೇಸಿಗೆಯಲ್ಲಿ ನೀರು ಬಹಳ ಇಳಿದಿತ್ತಂತೆ. ಹಳೆಯ ಹಿರೇಭಾಸ್ಕರ ಆಣೆಕಟ್ಟೆ ಪೂರ್ತಿ ಮೇಲೆದ್ದಿತ್ತು. ಮಾವ ಅವಳನ್ನು ಕರೆದುಕೊಂಡು ಬಿರುಕುಬಿಟ್ಟ ಕೆಸರಿನ ಮೇಲೆ ನಡೆದ. ಇದು ಅಡುಗೆಮನೆ, ಇದು ದೇವರ ಕೋಣೆ, ಇಲ್ಲಿ ನಾನು ಹುಟ್ಟಿದ್ದು ಎನ್ನುತ್ತಾ ಹೋದ. ಅವಳಿಗೆ ಕಂಡದ್ದು ಕಲ್ಲು, ಕೆಸರು, ಅಡಿಕೆ ಮರದ ಬುಡಗಳು. ಕೊನೆಗೆ ಒಂದು ಒರಳುಕಲ್ಲು ಸಿಕ್ಕಿತು. ಅದರ ಪಕ್ಕ ಕೂತು ಅವಲಕ್ಕಿ ಮೊಸರು ತಿಂದರಂತೆ. "ಅವತ್ತೇ ಆ ಮನೆಗೆ ಸೊಸೆಯಾದೆ ಅನಿಸ್ತು" ಎಂದಳು ಅತ್ತೆ. ನಾನು ಇದನ್ನು ಕೇಳಿರಲೇ ಇಲ್ಲ, ಭಾವನೂ ಕೇಳಿರಲಿಲ್ಲ.

ಅಜ್ಜರು ನಗುತ್ತಾ ಕಣ್ಣೊರೆಸಿಕೊಂಡರು. ಆ ಅಪ್ಪೆಮರಕ್ಕೆ ಕಲ್ಲು ಹೊಡೆದು ಇಬ್ಬರೂ ಪೆಟ್ಟು ತಿಂದದ್ದು, ಹೊಳೆಯಲ್ಲಿ ಈಜು ಕಲಿತದ್ದು, ಎಲ್ಲ ಹೇಳಿದರು. ಕತ್ತಲಾದರೂ ಮಾತು ಮುಗಿಯಲಿಲ್ಲ. ಭಾವ ಅವರನ್ನು ಉಳಿಸಿಕೊಂಡಿದ್ದಾನೆ.

ನಾಳೆ ಅಮ್ಮನಿಗೆ ಫೋನು ಮಾಡಿ ಆ ಒರಳುಕಲ್ಲಿನ ಬಗ್ಗೆ ಕೇಳಬೇಕು. ಐದು ವರ್ಷದ ಹುಡುಗಿಗೆ ನೆನಪಿದ್ದರೂ ಇರಬಹುದು.